ಮಿಂಚಿಗಿಂತ ಕಿರಿದು: ಅತಿಕ್ಷಿಪ್ರ ಲೇಸರ್ ಉಪಯೋಗಕ್ಕೆ ಬಂದ ಬಗೆ

1993ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಲೇಸರ್ ಪ್ರಯೋಗಶಾಲೆಯೊಂದರಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬನ ಕಣ್ಣಿಗೆ ಲೇಸರ್ ಕಿರಣ ಬಡಿಯಿತು. ಅವನನ್ನು ಅದೇ ವಿಶ್ವವಿದ್ಯಾಲಯದ ಕಣ್ಣಾಸ್ಪತ್ರೆಗೆ ಕರೆದೊಯ್ದರು. ಪರೀಕ್ಷಿಸಿದವರು ರಾನ್ ಕರ್ಟ್ಜ್ ಎಂಬ ತರುಣ ವೈದ್ಯ. ಲೇಸರ್ ತಗುಲಿದ ಅಕ್ಷಿಪಟಲಗಳಲ್ಲಿ ಸಾಮಾನ್ಯವಾಗಿ ಕಾಣುವ, ಸುತ್ತಲೂ ಹರಡಿಕೊಂಡ ಸುಟ್ಟಗಾಯ ಅಲ್ಲಿರಲಿಲ್ಲ. ಗಾಯ ತೀರ ಚಿಕ್ಕದಾಗಿತ್ತು, ಅಂಚು ಅಚ್ಚುಕಟ್ಟಾಗಿತ್ತು. ಇಂಥ ಗಾಯ ಮಾಡುವ ಲೇಸರ್ ಯಾವುದೆಂದು ವಿಚಾರಿಸುತ್ತ ಅವರು ಭೌತವಿಜ್ಞಾನಿಗಳ ಬಾಗಿಲಿಗೆ ಹೋದರು. ಆ ಪ್ರಯೋಗಶಾಲೆಯ ಮುಖ್ಯಸ್ಥ ಜೆರಾರ್ ಮೂರು ಮುಂದೆ ನೊಬೆಲ್ ಪಡೆದವರು. ವೈದ್ಯರ ಜೊತೆ ಟಿಬೋರ್ ಯುಹಾಸ್ ಎಂಬ ಭೌತವಿಜ್ಞಾನಿ ಸೇರಿಕೊಂಡರು. 1997ರಲ್ಲಿ ಇಬ್ಬರೂ ಕೂಡಿ ಇಂಟ್ರಾಲೇಸ್ ಎಂಬ ಕಂಪನಿ ಕಟ್ಟಿದರು. ಕೆಲವೇ ವರ್ಷಗಳಲ್ಲಿ, ಕನ್ನಡಕ ಬಿಡಿಸುವ ಲೇಸಿಕ್ ಶಸ್ತ್ರಚಿಕಿತ್ಸೆಯ ಮೊದಲ ಹಂತದಲ್ಲಿ ಲೋಹದ ಅಲಗಿನ ಕೆಲಸವನ್ನು ಬೆಳಕು ಮಾಡತೊಡಗಿತು.

ವಿಜ್ಞಾನದ ಚರಿತ್ರೆಯಲ್ಲಿ ಈ ಘಟನೆಯನ್ನು ಸಾಮಾನ್ಯವಾಗಿ ಎರಡು ಪಾಠಗಳಿಗಾಗಿ ಹೇಳುತ್ತಾರೆ. ಒಂದು, ಮಹತ್ವದ ಉಪಯೋಗಗಳೆಲ್ಲ ಅದೃಷ್ಟದಿಂದ ಒದಗುತ್ತವೆ ಎಂಬುದು. ಇನ್ನೊಂದು, ವಿಜ್ಞಾನಿಗಳನ್ನು ಅವರ ಕುತೂಹಲಕ್ಕೆ ಬಿಟ್ಟರೆ ಸಾಕು, ಪ್ರಯೋಜನ ತಾನಾಗಿ ಬರುತ್ತದೆ ಎಂಬುದು. ಆ ಗಾಯ ಮಾಡಿದ್ದು ಅತಿ ಕಿರಿದಾದ ಮಿಡಿತಗಳಲ್ಲಿ ಬೆಳಕು ಹೊಮ್ಮಿಸುವ ಅತಿಕ್ಷಿಪ್ರ ಲೇಸರ್. ಅದರ ಆರು ದಶಕಗಳ ಚರಿತ್ರೆ ಈ ಎರಡನ್ನೂ ಪೂರ್ತಿ ಒಪ್ಪುವುದಿಲ್ಲ. ಆ ಚರಿತ್ರೆಯಲ್ಲಿ ಉಪಯೋಗ ಹುಟ್ಟಿದ ಜಾಗಗಳನ್ನು ಒಂದೊಂದಾಗಿ ನೋಡಿದರೆ ಎಲ್ಲ ಕಡೆಯೂ ಒಂದು ಅಂಶ ಮತ್ತೆ ಮತ್ತೆ ಸಿಗುತ್ತದೆ. ಬೇರೆ ಬೇರೆ ಕಸುಬಿನವರು ಒಬ್ಬರ ಮಾತು ಒಬ್ಬರ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿದ್ದರು. ದೂರವಾಣಿ ಕಂಪನಿಯಲ್ಲಿ ಭೌತವಿಜ್ಞಾನಿಗಳಿದ್ದರು, ರೇಡಾರಿನ ಉಪಾಯ ಬೆಳಕಿನ ಪ್ರಯೋಗಶಾಲೆಗೆ ಬಂತು, ಕಣ್ಣಿನ ವೈದ್ಯರು ಗಾಜಿನ ಬಿರುಕು ಅಳೆಯುವವರ ನೆರೆಯಲ್ಲಿದ್ದರು. ಅದೃಷ್ಟಕ್ಕೂ ಕುತೂಹಲಕ್ಕೂ ಪಾಲು ಇತ್ತು, ನಿಜ. ಆದರೆ ಅವು ಫಲ ಕೊಟ್ಟದ್ದು ಈ ನೆರೆಹೊರೆ ಇದ್ದಲ್ಲಿ ಮಾತ್ರ ಎಂಬುದು ಇಲ್ಲಿನ ವಾದ.

ಥಿಯೊಡೋರ್ ಮೈಮನ್ 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದರು. ಮುಂದಿನ ಎರಡು ವರ್ಷಗಳಲ್ಲೇ ಅದರ ಮಿಡಿತವನ್ನು ನ್ಯಾನೊಸೆಕೆಂಡುಗಳ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದ ಲೆಕ್ಕಕ್ಕೆ ಇಳಿಸಿದ್ದಾಯಿತು. 1964ರಲ್ಲಿ ದೂರವಾಣಿ ಕಂಪನಿಯೊಂದರ ಪ್ರಯೋಗಶಾಲೆಯಾದ ಬೆಲ್ ಲ್ಯಾಬ್ಸ್‌ನಲ್ಲಿ, ಲೇಸರಿನೊಳಗೆ ಏಕಕಾಲಕ್ಕೆ ಇರುವ ಹಲವು ತರಂಗಗಳ ಹೆಜ್ಜೆ ಕೂಡಿಸಿ ಚುರುಕಾದ ಮಿಡಿತಗಳ ಸಾಲು ಪಡೆಯುವ ವಿಧಾನ ಸಾಧಿತವಾಯಿತು. ಎರಡೇ ವರ್ಷದಲ್ಲಿ ಮಿಡಿತ ಪಿಕೊಸೆಕೆಂಡಿಗೆ, ಅಂದರೆ ಸಾವಿರ ಪಟ್ಟು ಕೆಳಗೆ ಇಳಿಯಿತು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಎರಿಕ್ ಇಪ್ಪೆನ್ ಮತ್ತು ಚಾರ್ಲ್ಸ್ ಶ್ಯಾಂಕ್ ಬಣ್ಣದ ದ್ರಾವಣ ಬಳಸುವ ಲೇಸರುಗಳಿಂದ ಪಿಕೊಸೆಕೆಂಡಿಗೂ ಕಡಿಮೆ ಅವಧಿಯ ಮಿಡಿತ ಪಡೆದರು. 1981ರಲ್ಲಿ ಅದು 100 ಫೆಮ್ಟೊಸೆಕೆಂಡಿಗೂ ಕೆಳಗಿಳಿಯಿತು (ಫೆಮ್ಟೊಸೆಕೆಂಡ್ ಎಂದರೆ ಪಿಕೊಸೆಕೆಂಡಿನ ಸಾವಿರದ ಒಂದು ಭಾಗ), 1987ರಲ್ಲಿ 6 ಫೆಮ್ಟೊಸೆಕೆಂಡಿಗೆ ಬಂತು. ಒಂದು ಸೆಕೆಂಡಿನಲ್ಲಿ ಇರುವ ಫೆಮ್ಟೊಸೆಕೆಂಡುಗಳ ಸಂಖ್ಯೆಯಷ್ಟೇ ಸೆಕೆಂಡುಗಳು ಕಳೆಯಬೇಕಾದರೆ ಮೂರು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬೇಕು. ಒಂದು ದೂರವಾಣಿ ಕಂಪನಿ ಇದಕ್ಕೆ ಹಣ ಸುರಿದದ್ದರಲ್ಲಿ ಆಶ್ಚರ್ಯವಿಲ್ಲ. ಮಾತನ್ನು ಬೆಳಕಿನಲ್ಲಿ ಕಳಿಸುವುದು ಅದರ ಗುರಿ. ಮಿಡಿತ ಕಿರಿದಾದಷ್ಟೂ ಒಂದೇ ಗಾಜಿನ ಎಳೆಯಲ್ಲಿ ಹೆಚ್ಚು ಸುದ್ದಿ ತುಂಬಬಹುದು. ಆದರೆ ಬೆಲ್ ಲ್ಯಾಬ್ಸ್ ತನ್ನ ಜನರನ್ನು ಸುದ್ದಿ ಸಾಗಿಸುವ ಕೆಲಸಕ್ಕಷ್ಟೇ ಕಟ್ಟಿಹಾಕಲಿಲ್ಲ. 1983ರಲ್ಲಿ ಶ್ಯಾಂಕ್ ತಂಡ ತೀವ್ರವಾದ ಫೆಮ್ಟೊಸೆಕೆಂಡ್ ಮಿಡಿತವನ್ನು ಸಿಲಿಕಾನ್ ಹರಳಿಗೆ ಬಡಿಸಿ, ಅದರ ಪರಮಾಣುಗಳ ಜೋಡಣೆ ಪಿಕೊಸೆಕೆಂಡಿನೊಳಗೇ ಕಳಚಿಬೀಳುವುದನ್ನು ಅಳೆಯಿತು. ಆ ಅಳತೆಯ ಬೆಲೆ ಮುಂದೆ ಗೊತ್ತಾಗುತ್ತದೆ.

ಇಷ್ಟು ಕಿರಿದಾದ ಮಿಡಿತದ ಮೊದಲ ಫಲ ನೋಡುವುದರಲ್ಲಿ ಸಿಕ್ಕಿತು. ರಾಸಾಯನಿಕ ಕ್ರಿಯೆಯಲ್ಲಿ ಅಣುಗಳ ಬಂಧ ಮುರಿಯುವ, ಕೂಡುವ ಗಳಿಗೆ ಅದುವರೆಗೆ ಲೆಕ್ಕಾಚಾರದ ವಸ್ತುವಾಗಿತ್ತು, ಕಂಡವರಿರಲಿಲ್ಲ. 1949ರ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ಜಾರ್ಜ್ ಪೋರ್ಟರ್ ಮತ್ತು ರೊನಾಲ್ಡ್ ನಾರಿಷ್ ಜೋರಾದ ದೀಪದ ಹೊಳಪಿನಿಂದ ಕ್ರಿಯೆ ಆರಂಭಿಸಿ, ಎರಡನೆಯ ಹೊಳಪಿನಿಂದ ಅದರ ಗತಿ ನೋಡುವ ವಿಧಾನ ಕಂಡುಕೊಂಡಿದ್ದರು. ಯುದ್ಧಕಾಲದಲ್ಲಿ ಪೋರ್ಟರ್ ಬ್ರಿಟಿಷ್ ನೌಕಾಪಡೆಯಲ್ಲಿ ರೇಡಾರ್ ಅಧಿಕಾರಿಯಾಗಿದ್ದವರು. ಮಿಡಿತ ಕಳಿಸಿ ಮರುದನಿ ಅಳೆಯುವ ಅಭ್ಯಾಸ ಅಲ್ಲಿಂದಲೇ ಬಂದಿತ್ತು. ಕ್ಯಾಲ್ಟೆಕ್‌ನಲ್ಲಿ ಈಜಿಪ್ಟ್ ಮೂಲದ ಅಹ್ಮದ್ ಝವೈಲ್ ಅದೇ ಉಪಾಯಕ್ಕೆ ಬೆಲ್ ಲ್ಯಾಬ್ಸ್ ಮಾದರಿಯ ಲೇಸರ್ ತೊಡಿಸಿದರು. ಮೊದಲ ಮಿಡಿತ ಅಣುವನ್ನು ಕೆದಕುತ್ತದೆ, ಎರಡನೆಯದು ಅದರ ಸ್ಥಿತಿ ತಿಳಿಸುತ್ತದೆ. ಇವೆರಡರ ನಡುವಿನ ಅಂತರವನ್ನು ಗಡಿಯಾರ ಅಳೆಯಲಾರದು. ಆದರೆ ಒಂದು ಫೆಮ್ಟೊಸೆಕೆಂಡಿನಲ್ಲಿ ಬೆಳಕು ಸಾಗುವುದು 0.3 ಮೈಕ್ರೊಮೀಟರ್ ಮಾತ್ರ. ಆದ್ದರಿಂದ ಒಂದು ಕನ್ನಡಿಯನ್ನು ಕೂದಲೆಳೆಗಿಂತ ಕಡಿಮೆ ದೂರ ಸರಿಸಿದರೆ ಎರಡನೆಯ ಮಿಡಿತ ಬೇಕಾದಷ್ಟೇ ತಡವಾಗಿ ಬರುತ್ತದೆ. ಕಾಲವನ್ನು ಅಳೆಯುವ ಕೆಲಸ ದೂರವನ್ನು ಅಳೆಯುವ ಕೆಲಸವಾಯಿತು. 1987ರಲ್ಲಿ ಝವೈಲ್ ತಂಡ ಅಯೋಡಿನ್ ಸಯನೈಡ್ ಅಣುವಿನ ಬಂಧ ಸುಮಾರು 200 ಫೆಮ್ಟೊಸೆಕೆಂಡುಗಳಲ್ಲಿ ಮುರಿಯುವುದನ್ನು ದಾಖಲಿಸಿತು. ಅವರಿಗೆ 1999ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂತು. ಈ ನಡುವೆ ಬರ್ಕ್ಲಿಗೆ ಹೋದ ಶ್ಯಾಂಕ್ ಅಲ್ಲಿನ ಜೀವರಸಾಯನದವರ ಜೊತೆಗೂಡಿ 1991ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಬೆಳಕು ಬಿದ್ದಾಗ ಕಣ್ಣಿನ ರೊಡಾಪ್ಸಿನ್ ಎಂಬ ಪ್ರೋಟೀನಿನೊಳಗಿನ ಅಣು ಆಕಾರ ಬದಲಿಸುವುದಕ್ಕೂ ಹೆಚ್ಚುಕಡಿಮೆ 200 ಫೆಮ್ಟೊಸೆಕೆಂಡೇ ಸಾಕು. ದೃಷ್ಟಿಯ ಮೊದಲ ಹೆಜ್ಜೆಯ ವೇಗವನ್ನು ಕಂಡದ್ದು ದೂರವಾಣಿ ಕಂಪನಿಯಲ್ಲಿ ಬೆಳೆದ ವಿದ್ಯೆ.

ನೋಡಲು ಮಂದ ಮಿಡಿತ ಸಾಕು, ವಸ್ತುವನ್ನು ಕತ್ತರಿಸಲು ಬಲವಿರಬೇಕು. ಆ ಬಲ ಹೆಚ್ಚಿಸುವ ಪ್ರಯತ್ನ 1980ರ ದಶಕದ ಹೊತ್ತಿಗೆ ಗೋಡೆಗೆ ಬಡಿದಂತಾಗಿತ್ತು. ಕಿರಿದಾದ ಮಿಡಿತವನ್ನು ವರ್ಧಿಸುತ್ತ ಹೋದರೆ ಅದರ ತೀವ್ರತೆ ವರ್ಧಿಸುವ ಗಾಜನ್ನೇ ಒಡೆದುಹಾಕುತ್ತಿತ್ತು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಜೆರಾರ್ ಮೂರು ಮತ್ತು ಅವರ ವಿದ್ಯಾರ್ಥಿನಿ ಡೊನಾ ಸ್ಟ್ರಿಕ್‌ಲ್ಯಾಂಡ್ 1985ರಲ್ಲಿ ಇದಕ್ಕೆ ದಾರಿ ಕಂಡುಕೊಂಡರು. ಮಿಡಿತವನ್ನು 1.4 ಕಿಲೋಮೀಟರ್ ಉದ್ದದ ಗಾಜಿನ ಎಳೆಯೊಳಗೆ ಹಾಯಿಸಿ, ಅದರ ಬಣ್ಣಗಳು ಒಂದರ ಹಿಂದೊಂದು ಬರುವಂತೆ ಹಿಗ್ಗಿಸಿದರು. ಹಿಗ್ಗಿ ಸೌಮ್ಯವಾದ ಮಿಡಿತವನ್ನು ವರ್ಧಿಸಿದರು. ಕೊನೆಯಲ್ಲಿ ಜೋಡಿ ಜಾಲಕಗಳಿಂದ ಹಿಂದುಳಿದ ಬಣ್ಣಗಳನ್ನು ಮುಂದಿನವುಗಳ ಜೊತೆ ಕೂಡಿಸಿ ಮತ್ತೆ ಕುಗ್ಗಿಸಿದರು. ಜಾತ್ರೆಯಲ್ಲಿ ನುಗ್ಗುವ ಜನರನ್ನು ಸಾಲು ಮಾಡಿ ಕಿರುಬಾಗಿಲು ದಾಟಿಸಿ, ಆಚೆಯ ಅಂಗಳದಲ್ಲಿ ಮತ್ತೆ ಗುಂಪುಗೂಡಿಸಿದ ಹಾಗೆ. ಹೊರಬಂದದ್ದು 2 ಪಿಕೊಸೆಕೆಂಡಿನ, ಮಿಲಿಜೂಲಿನಷ್ಟು ಶಕ್ತಿಯ ಮಿಡಿತ. ಅದು ಸ್ಟ್ರಿಕ್‌ಲ್ಯಾಂಡರ ಮೊದಲ ವೈಜ್ಞಾನಿಕ ಪ್ರಬಂಧ. 2018ರಲ್ಲಿ ಗುರು ಶಿಷ್ಯೆ ಇಬ್ಬರಿಗೂ ಅದಕ್ಕೇ ನೊಬೆಲ್ ಬಂತು. ಹಿಗ್ಗಿಸಿ ವರ್ಧಿಸಿ ಕುಗ್ಗಿಸುವ ತತ್ತ್ವ ರೇಡಾರಿನವರಿಗೆ ಮೊದಲೇ ಗೊತ್ತಿತ್ತು. ಬೆಳಕಿಗೆ ಅದನ್ನು ತರಲು ಬೇಕಿದ್ದ ಗಾಜಿನ ಎಳೆ ದೂರವಾಣಿಯವರಿಂದ ಬಂತು, ಬಲದ ಅಗತ್ಯ ರಾಚೆಸ್ಟರಿನಲ್ಲಿ ಪರಮಾಣು ಬೆಸುಗೆಯ (ಫ್ಯೂಷನ್) ಪ್ರಯೋಗಗಳಿಗಾಗಿ ಕಟ್ಟಿದ ಲೇಸರ್ ಕೇಂದ್ರದ್ದು. ಮೂರು ಕಡೆಯ ಸಾಮಗ್ರಿ ಒಂದು ಮೇಜಿನ ಮೇಲೆ ಕೂಡಿತು.

ಇಂಥ ಬೆಳಕು ಕತ್ತರಿಸುವ ರೀತಿ ಮಾಮೂಲಿ ಲೇಸರಿನದಲ್ಲ. ಸಾಮಾನ್ಯ ಲೇಸರ್ ವಸ್ತುವನ್ನು ಕಾಯಿಸುತ್ತದೆ. ಕಾವು ಅಕ್ಕಪಕ್ಕಕ್ಕೆ ಹರಿಯುತ್ತದೆ, ಅಂಚು ಕರಗುತ್ತದೆ, ಬಿರುಕು ಬಿಡುತ್ತದೆ. ಬೆಳಕಿನ ಶಕ್ತಿ ಮೊದಲು ಸೇರುವುದು ಇಲೆಕ್ಟ್ರಾನುಗಳಿಗೆ. ಅವುಗಳಿಂದ ಪರಮಾಣುಗಳಿಗೆ ಕಾವು ಇಳಿಯಲು ಪಿಕೊಸೆಕೆಂಡುಗಳು ಬೇಕು. ಮಿಡಿತ ಅದಕ್ಕೂ ಮೊದಲೇ ಮುಗಿದರೆ ಬೆಳಕು ಬಿದ್ದ ಚುಕ್ಕೆಯಲ್ಲಿನ ವಸ್ತು ಕಿತ್ತುಹೋಗುತ್ತದೆ, ಪಕ್ಕದ್ದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಸಿಲಿಕಾನ್ ಮೇಲಿನ 1983ರ ಅಳತೆ ಸೂಚಿಸಿದ್ದು ಇದನ್ನೇ. ಮಿಶಿಗನ್‌ಗೆ ಸ್ಥಳಾಂತರಗೊಂಡಿದ್ದ ಜೆರಾರ್ ಮೂರು ಅವರ ತಂಡ ಮಿಡಿತದ ಅವಧಿ ಬದಲಾದಂತೆ ಗಾಜು ಯಾವ ಮಿತಿಯಲ್ಲಿ ಹಾನಿಗೊಳ್ಳುತ್ತದೆ ಎಂದು ಅಳೆದು 1994ರಲ್ಲಿ ಪ್ರಕಟಿಸಿತು. ಅತಿ ಕಿರಿದಾದ ಮಿಡಿತಗಳಲ್ಲಿ ಆ ಮಿತಿ ತುಂಬ ಖಚಿತವಾಗಿತ್ತು. ಈಗ 1993ರ ಘಟನೆಯನ್ನು ಮತ್ತೆ ನೋಡಬೇಕು. ಕಣ್ಣಿಗೆ ಲೇಸರ್ ತಗುಲಿದ ಪ್ರಯೋಗಶಾಲೆ ವಸ್ತುಗಳಿಗೆ ಬೆಳಕು ಮಾಡುವ ಹಾನಿಯನ್ನೇ ಅಭ್ಯಸಿಸುತ್ತಿತ್ತು. ಗಾಯ ನೋಡಿದ ವೈದ್ಯರು ಅದೇ ಆವರಣದಲ್ಲಿದ್ದರು, ಆ ಗಾಯದ ವಿಶೇಷ ಗುರುತಿಸುವ ಕಣ್ಣೂ ಅವರಿಗಿತ್ತು. ಲೇಸರ್ ಪ್ರಯೋಗಶಾಲೆಗಳಲ್ಲಿ ಕಣ್ಣಿಗೆ ಪೆಟ್ಟಾಗುವುದು ಹೊಸದೇನಲ್ಲ. ಅಂಥ ಎಷ್ಟೋ ಘಟನೆಗಳು ಸುರಕ್ಷತೆಯ ವರದಿಗಳಾಗಿ ಮುಗಿದಿವೆ. ಇಲ್ಲಿ ಮಾತ್ರ ಪೆಟ್ಟು ಪ್ರಶ್ನೆಯಾಯಿತು. ಅದೃಷ್ಟ ಎಲ್ಲರ ಬಾಗಿಲನ್ನೂ ತಟ್ಟುತ್ತದೆ, ತೆಗೆಯುವವರು ಒಳಗಿರಬೇಕು.

ಆ ಪ್ರಶ್ನೆಗೆ ಉತ್ತರ ಬೇಕಾಗಿದ್ದ ಜಾಗವೂ ಸಿದ್ಧವಾಗಿತ್ತು. ಲೇಸಿಕ್‌ನಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯಾದ ಕಾರ್ನಿಯಾದ ಆಕಾರ ತಿದ್ದುವುದು ನೇರಳಾತೀತ ಎಕ್ಸೈಮರ್ ಲೇಸರ್. ಆ ವಿದ್ಯೆಯೂ ನೆರೆಹೊರೆಯಿಂದಲೇ ಬಂದದ್ದು. ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಸಂಗಡಿಗರು ಐಬಿಎಂ ಪ್ರಯೋಗಶಾಲೆಯಲ್ಲಿ 1981ರಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮೇಲೆ ಅದನ್ನು ಪ್ರಯೋಗಿಸಿ, ಅದು ಅಂಗಾಂಶವನ್ನು ಸುಡದೆ ಕೊರೆಯುತ್ತದೆಂದು ಕಂಡರು. ಕೊಲಂಬಿಯಾ ವಿಶ್ವವಿದ್ಯಾಲಯದ ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಅವರ ಜೊತೆ ಸೇರಿದ ಮೇಲೆ ಅದು ಕಣ್ಣಿಗೆ ಬಂತು. ಆದರೆ ಎಕ್ಸೈಮರ್ ಬಳಸುವ ಮೊದಲು ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಎತ್ತಬೇಕು. ಕಾರ್ನಿಯಾದ ಒಟ್ಟು ದಪ್ಪ ಅರ್ಧ ಮಿಲಿಮೀಟರಿನಷ್ಟು, ಎತ್ತಬೇಕಾದ ಪದರ ಅದರ ಐದನೆಯ ಒಂದು ಭಾಗ. ಕಂಪಿಸುವ ಲೋಹದ ಅಲಗು ಈ ಕೆಲಸ ಮಾಡುತ್ತಿತ್ತು, ಆದರೆ ದಪ್ಪದಲ್ಲಿ ಏರುಪೇರಾಗುತ್ತಿತ್ತು. ಅವಕೆಂಪಿನ ಫೆಮ್ಟೊಸೆಕೆಂಡ್ ಮಿಡಿತಕ್ಕೆ ಕಾರ್ನಿಯಾ ಪಾರದರ್ಶಕ. ಬೆಳಕು ಕೇಂದ್ರೀಕರಿಸಿದ ಆಳದಲ್ಲಿ ಮಾತ್ರ ತೀವ್ರತೆ ಮಿತಿ ದಾಟಿ ಪುಟ್ಟ ಗುಳ್ಳೆಯೊಂದು ಏಳುತ್ತದೆ. ಇಂಥ ಗುಳ್ಳೆಗಳನ್ನು ಒತ್ತೊತ್ತಾಗಿ ಹಾಸಿದರೆ ಮೇಲ್ಮೈಗೆ ಗೀರು ಬೀಳದೆ ಒಳಗೆ ಒಂದು ಸಮತಲ ಬಿಡಿಸಿಕೊಳ್ಳುತ್ತದೆ. ಪದರದ ದಪ್ಪ ವೈದ್ಯರು ಹೇಳಿದಷ್ಟೇ ಬರತೊಡಗಿತು.

ಕುತೂಹಲವೊಂದೇ ಸಾಕು ಎನ್ನುವವರು ಇಲ್ಲಿ ಮರಿಯಾ ಗ್ಯೋಪರ್ಟ್ ಮೇಯರ್ ಅವರನ್ನು ಮುಂದೆ ತರಬಹುದು. ಒಂದು ಪರಮಾಣು ಎರಡು ಫೋಟಾನುಗಳನ್ನು ಒಟ್ಟಿಗೆ ಹೀರಬಲ್ಲದು ಎಂದು ಗ್ಯೋಟಿಂಗನ್‌ನ ಈ ತರುಣಿ 1930ರ ಸುಮಾರಿಗೆ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಆಗ ಅದಕ್ಕೆ ಯಾವ ಬಳಕೆಯೂ ಇರಲಿಲ್ಲ, ಕಣ್ಣಾರೆ ತೋರಿಸುವ ಬೆಳಕೂ ಇರಲಿಲ್ಲ. ಲೇಸರ್ ಬಂದ ಮರುವರ್ಷವೇ, 1961ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅದು ಸಾಬೀತಾಯಿತು. ಆಮೇಲೂ ಅದು ಜೀವವಿಜ್ಞಾನಕ್ಕೆ ಬರಲು ಸುಮಾರು ಮೂರು ದಶಕ ಹಿಡಿಯಿತು. 1990ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿನ್‌ಫ್ರೀಡ್ ಡೆಂಕ್, ಜೇಮ್ಸ್ ಸ್ಟ್ರಿಕ್ಲರ್ ಮತ್ತು ವಾಟ್ ವೆಬ್ ಫೆಮ್ಟೊಸೆಕೆಂಡ್ ಮಿಡಿತಗಳಿಂದ ಎರಡು ಫೋಟಾನುಗಳ ಸೂಕ್ಷ್ಮದರ್ಶಕ ನಿರ್ಮಿಸಿದರು. ಕೇಂದ್ರೀಕರಿಸಿದ ಬಿಂದುವಿನಲ್ಲಿ ಮಾತ್ರ ಎರಡು ಫೋಟಾನುಗಳು ಒಟ್ಟಿಗೆ ಸಿಗುತ್ತವೆ, ಹಾಗಾಗಿ ಹೊಳೆಯುವುದೂ ಆ ಬಿಂದುವೊಂದೇ. ಇಲಿಯ ಮಿದುಳಿನಲ್ಲಿ ನೂರಾರು ಮೈಕ್ರೊಮೀಟರ್ ಆಳದ ನರಕೋಶಗಳನ್ನು ಇಲಿ ಜೀವಂತವಾಗಿರುವಾಗಲೇ ನೋಡುವುದು ಇದರಿಂದ ಸಾಧ್ಯವಾಯಿತು. ಕುತೂಹಲದ ಬೀಜ 1930ರದ್ದೇ, ಅದನ್ನು ಅಲ್ಲಗಳೆಯುವಂತಿಲ್ಲ. ಸ್ಟ್ರಿಕ್‌ಲ್ಯಾಂಡ್ ಕೂಡ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಗ್ಯೋಪರ್ಟ್ ಮೇಯರರನ್ನು ಉಲ್ಲೇಖಿಸಿದ್ದಾರೆ. ಆದರೆ ಸಿದ್ಧಾಂತವೂ ಲೇಸರೂ ಎರಡೂ ಕೈಗೆ ಸಿಕ್ಕ ಮೇಲೆ ಕಾದ ಆ ಮೂರು ದಶಕಗಳಿಗೆ ಕುತೂಹಲದ ವಾದದಲ್ಲಿ ವಿವರಣೆಯಿಲ್ಲ. ನಂಬಬಹುದಾದ ಕಿರುಮಿಡಿತದ ಲೇಸರ್ ಮತ್ತು ಜೀವಕೋಶ ನೋಡಬೇಕೆಂಬ ಹಂಬಲ ಒಂದೇ ಕೋಣೆಯಲ್ಲಿ ಕೂಡಬೇಕಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಕಟುವಾದದ್ದು. ಇದೆಲ್ಲ ನೆರೆಹೊರೆಯ ಮಹಿಮೆಯಲ್ಲ, ಹಣ ಮತ್ತು ಯುದ್ಧದ ಮಹಿಮೆ ಎನ್ನುವವರಿದ್ದಾರೆ. ರೇಡಾರ್ ಯುದ್ಧದ ಕೂಸು, ಬೆಸುಗೆಯ ಲೇಸರುಗಳ ಹಿಂದೆ ಅಣ್ವಸ್ತ್ರ ಕಾರ್ಯಕ್ರಮಗಳ ನೆರಳಿದೆ, ಬೆಲ್ ಲ್ಯಾಬ್ಸ್‌ನ ಧಾರಾಳಕ್ಕೆ ದೂರವಾಣಿಯ ಏಕಸ್ವಾಮ್ಯವೇ ಆಧಾರವಾಗಿತ್ತು. ಈ ಮಾತು ನಿಜ, ಇದನ್ನು ಮರೆಮಾಚುವ ಚರಿತ್ರೆ ಅರೆಬರೆಯದು. ಆದರೆ ಹಣ ಯಂತ್ರವನ್ನು ಕಟ್ಟಿಸಿತೇ ಹೊರತು ಅದರ ಉಪಯೋಗ ಯಾವುದೆಂದು ಹೇಳಲಿಲ್ಲ. ಬೆಸುಗೆಗೆ ದುಡ್ಡು ಕೊಟ್ಟವರ ಪಟ್ಟಿಯಲ್ಲಿ ಕಣ್ಣಿನ ಪದರವಿರಲಿಲ್ಲ, ಸುದ್ದಿ ಸಾಗಿಸಲು ದುಡ್ಡು ಕೊಟ್ಟವರ ಪಟ್ಟಿಯಲ್ಲಿ ಅಣುವಿನ ಬಂಧವಿರಲಿಲ್ಲ. ಯಂತ್ರ ಬಳಸುವವರ ಕೈಗೆ ಬಂದದ್ದೂ ಹಲವು ಕೈ ದಾಟಿಯೇ. ಪೀಟರ್ ಮೌಲ್ಟನ್ 1982ರಲ್ಲಿ ಎಂಐಟಿಯ ಲಿಂಕನ್ ಪ್ರಯೋಗಶಾಲೆಯಲ್ಲಿ ಟೈಟೇನಿಯಂ ಬೆರೆಸಿದ ನೀಲಮಣಿಯ ಲೇಸರ್ ತೋರಿಸಿದರು. ಅದರಿಂದ ಫೆಮ್ಟೊಸೆಕೆಂಡ್ ಮಿಡಿತವನ್ನು 1991ರಲ್ಲಿ ಹೊರಡಿಸಿದವರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ವಿಲ್ಸನ್ ಸಿಬೆಟ್ ತಂಡದವರು. ದಿನಗಟ್ಟಲೆ ಹೊಂದಿಸಬೇಕಿದ್ದ, ಬಣ್ಣದ ದ್ರಾವಣ ಸೋರುವ ಯಂತ್ರಗಳ ಜಾಗಕ್ಕೆ ಗಟ್ಟಿ ಹರಳಿನ ಲೇಸರ್ ಬಂದ ಮೇಲೆಯೇ ಭೌತವಿಜ್ಞಾನಿಯಲ್ಲದವರೂ ಅದನ್ನು ಮುಟ್ಟುವಂತಾಯಿತು. ನೆರೆಹೊರೆ ಹಿಗ್ಗಿತು. ಜರ್ಮನಿಯಲ್ಲಿ ಬಾಷ್, ಟ್ರುಂಪ್ಫ್ ಕಂಪನಿಗಳು ಮತ್ತು ಯೇನಾದ ವಿಜ್ಞಾನಿಗಳು ಸೇರಿ ಅತಿಕ್ಷಿಪ್ರ ಲೇಸರನ್ನು ಕಾರ್ಖಾನೆಯ ಸಾಲಿಗೆ ತಂದದ್ದಕ್ಕೆ 2013ರಲ್ಲಿ ಆ ದೇಶದ ಅಧ್ಯಕ್ಷರ ಹೆಸರಿನ ತಂತ್ರಜ್ಞಾನ ಪ್ರಶಸ್ತಿ ಪಡೆದರು. ಎಂಜಿನ್ನಿನ ಇಂಧನ ತುಂತುರು ಹಾಯಿಸುವ ಸೂಕ್ಷ್ಮ ರಂಧ್ರ, ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್, ಮೊಬೈಲಿನ ಗಾಜು ಇವೆಲ್ಲ ಈ ತಣ್ಣನೆಯ ಬೆಳಕಿನಿಂದ ಕತ್ತರಿಸಿಕೊಳ್ಳುತ್ತಿವೆ.

ನನ್ನ ವಾದಕ್ಕೇ ಎದುರು ನಿಲ್ಲುವ ಸಾಕ್ಷ್ಯವೂ ಇದೆ, ಅದು ಕಣ್ಣಿನ ಪೊರೆಯದು. 2008ರಲ್ಲಿ ಬುಡಾಪೆಸ್ಟ್‌ನ ಸೆಮ್ಮೆಲ್‌ವೈಸ್ ವಿಶ್ವವಿದ್ಯಾಲಯದ ಝೋಲ್ಟಾನ್ ನಾಜ್ ಫೆಮ್ಟೊಸೆಕೆಂಡ್ ಲೇಸರ್ ಬಳಸಿ ಮೊದಲ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದರು. ಮಸೂರದ ಚೀಲದಲ್ಲಿ ವೃತ್ತಾಕಾರದ ಕಿಂಡಿ ತೆರೆಯುವುದು, ಗಟ್ಟಿಯಾದ ಮಸೂರವನ್ನು ತುಂಡರಿಸುವುದು ಬೆಳಕಿನ ಪಾಲಿಗೆ ಬಂತು. ಯಂತ್ರದ ಹಿಂದೆ ಇದ್ದವರು ಅದೇ ಕರ್ಟ್ಜ್ ಮತ್ತು ಯುಹಾಸ್. ಅದೇ ಜನ, ಅದೇ ವಿದ್ಯೆ. ಆದರೆ ಫ್ರಾನ್ಸಿನ ಐದು ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ, ತಮಗೆ ಯಾವ ವಿಧಾನ ಬಳಸಿದರೆಂದು ರೋಗಿಗಳಿಗೆ ತಿಳಿಯದಂತೆ ನಡೆಸಿದ ದೊಡ್ಡ ಪರೀಕ್ಷೆಯ ಫಲಿತಾಂಶ 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಾಗ ಉತ್ಸಾಹ ತಣ್ಣಗಾಯಿತು. ನುರಿತ ಕೈ ಮತ್ತು ಶ್ರವಣಾತೀತ ತರಂಗದ ಹಳೆಯ ವಿಧಾನಕ್ಕಿಂತ ಲೇಸರ್ ಮೇಲೆಂದು ಕಾಣಲಿಲ್ಲ, ಖರ್ಚು ಮಾತ್ರ ಹೆಚ್ಚಿತ್ತು. ಬ್ರಿಟನ್ನಿನ ಪರೀಕ್ಷೆಯೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಲೇಸಿಕ್‌ನಲ್ಲೂ ಪದರದ ನಿಖರತೆ ಹೆಚ್ಚಿದಷ್ಟು ಅಂತಿಮ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ ಎನ್ನುವ ಅಧ್ಯಯನಗಳಿವೆ. ಇದರಿಂದ ವಾದ ಬೀಳುವುದಿಲ್ಲ, ಅದರ ಮಿತಿ ಸ್ಪಷ್ಟವಾಗುತ್ತದೆ. ಕಾರ್ನಿಯಾದ ಪದರ ಎತ್ತುವಲ್ಲಿ ಅಲಗಿಗೆ ನಿಜವಾದ ಕೊರತೆಯಿತ್ತು, ಆ ಕೊರತೆ ಉಪಕರಣವನ್ನು ಕರೆಯಿತು. ಪೊರೆಯ ವಿಷಯದಲ್ಲಿ ಹಳೆಯ ವಿಧಾನ ಆಗಲೇ ಪಳಗಿತ್ತು, ಉಪಕರಣವೇ ಕೆಲಸ ಹುಡುಕಿಕೊಂಡು ಹೋಯಿತು. ನೆರೆಹೊರೆ ಪ್ರಶ್ನೆ ಮತ್ತು ಸಾಧನವನ್ನು ಎದುರುಬದುರು ಕೂರಿಸುತ್ತದೆ. ಅವು ಹೊಂದುತ್ತವೆಯೇ ಎಂಬುದನ್ನು ಕಟ್ಟುನಿಟ್ಟಾದ ಪರೀಕ್ಷೆಯೇ ತೀರ್ಮಾನಿಸಬೇಕು, ಮಾರುವವರ ಮಾತಲ್ಲ.

ಮುಂದಿನ ಅಧ್ಯಾಯಗಳನ್ನೂ ಹೀಗೆಯೇ ಓದಬೇಕು. ಮಿಡಿತಗಳ ಕರಾರುವಾಕ್ಕಾದ ಸಾಲಿನಿಂದ ಬೆಳಕಿನ ಆವರ್ತನ ಅಳೆಯುವ ವಿಧಾನಕ್ಕಾಗಿ ಥಿಯೊಡೋರ್ ಹೆನ್ಶ್ ಮತ್ತು ಜಾನ್ ಹಾಲ್ 2005ರ ನೊಬೆಲ್ ಹಂಚಿಕೊಂಡರು. ಅದು ಇಂದು ಅತಿ ನಿಖರ ಗಡಿಯಾರಗಳ ಆಧಾರ. 2001ರಲ್ಲಿ ಪಿಯರ್ ಅಗೊಸ್ತಿನಿ ಮತ್ತು ಫೆರೆಂಕ್ ಕ್ರೌಸ್ ಅವರ ತಂಡಗಳು ಮಿಡಿತವನ್ನು ನೂರಾರು ಅಟ್ಟೊಸೆಕೆಂಡಿಗೆ, ಅಂದರೆ ಒಂದು ಫೆಮ್ಟೊಸೆಕೆಂಡಿಗೂ ಕೆಳಗೆ ಇಳಿಸಿದವು. ಅದಕ್ಕೆ ಬುನಾದಿ ಹಾಕಿದ ಆನ್ ಲುಯಿಲಿಯೆ ಅವರೊಂದಿಗೆ ಇಬ್ಬರಿಗೂ 2023ರಲ್ಲಿ ನೊಬೆಲ್ ಬಂತು. ಕ್ರೌಸ್ ತಂಡ ಅತಿ ಕಿರಿದಾದ ಅವಕೆಂಪು ಮಿಡಿತಗಳಿಂದ ರಕ್ತದ ಅಣುಗಳ ಗುರುತು ಹಿಡಿದು ರೋಗ ಪತ್ತೆ ಮಾಡಲು ಹೊರಟಿದೆ. ಅದು ಚಿಕಿತ್ಸಾಲಯಕ್ಕೆ ಬರುತ್ತದೆಯೇ ಎಂಬುದು, ಪೊರೆಯ ಪಾಠ ನೆನೆದರೆ, ಪರೀಕ್ಷೆಗಳ ನಂತರ ಹೇಳಬೇಕಾದ ಮಾತು.

ಈ ಚರಿತ್ರೆಗೆ ಬೆಂಗಳೂರಿನ ಕೊಂಡಿಯೂ ಇದೆ. ಸಿ.ವಿ. ರಾಮನ್ ದುಡಿದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿ ಮತ್ತು ಸಂಗಡಿಗರು ರಾಮನ್ ಪರಿಣಾಮವನ್ನೇ ಅತಿಕ್ಷಿಪ್ರ ಮಿಡಿತಗಳೊಂದಿಗೆ ಜೋಡಿಸಿ ಅಣುಗಳ ರಚನೆಯ ಬದಲಾವಣೆ ಹಿಡಿಯುವ ಹೊಸ ವಿಧಾನ ರೂಪಿಸಿದರು. ಇದೇ ಊರಿನ ಕಣ್ಣಾಸ್ಪತ್ರೆಗಳಲ್ಲಿ ಫೆಮ್ಟೊಸೆಕೆಂಡ್ ಲೇಸರ್ ದಿನನಿತ್ಯದ ಸಾಧನ. ವಿಜ್ಞಾನ ಸಂಸ್ಥೆ 2022ರಲ್ಲಿ ತನ್ನ ಆವರಣದಲ್ಲೇ 800 ಹಾಸಿಗೆಗಳ ಆಸ್ಪತ್ರೆ ಮತ್ತು ವೈದ್ಯಕೀಯ ಶಾಲೆ ಕಟ್ಟುವುದಾಗಿ, ಅದಕ್ಕೆ 425 ಕೋಟಿ ರೂಪಾಯಿ ದಾನ ಬಂದಿರುವುದಾಗಿ ಘೋಷಿಸಿತು. ಈ ನಿರ್ಧಾರಕ್ಕೆ ಕಟ್ಟಡದ ಅಳತೆಯಿಂದ ಬೆಲೆ ಕಟ್ಟುವುದು ಸುಲಭ. ಇಲ್ಲಿ ಹೇಳಿದ ಚರಿತ್ರೆ ಬೇರೆ ಅಳತೆಗೋಲು ಕೊಡುತ್ತದೆ. ವಿಜ್ಞಾನಕ್ಕೆ ಹಣ ಕೊಡುವಾಗ ಇದರಿಂದೇನು ಉಪಯೋಗ ಎಂದು ಮೊದಲೇ ಕೇಳಿದರೆ ರಾಚೆಸ್ಟರಿನವರ ಬಳಿಯೂ ಕಣ್ಣಿನ ಉತ್ತರ ಇರುತ್ತಿರಲಿಲ್ಲ. ಏನನ್ನೂ ಕೇಳದೆ ಬಿಟ್ಟರೆ ವಿದ್ಯೆ ದಶಕಗಟ್ಟಲೆ ಕಪಾಟಿನಲ್ಲಿ ಕೂರುವುದನ್ನು ಎರಡು ಫೋಟಾನುಗಳ ಕತೆ ತೋರಿಸಿದೆ. ಈ ಕೆಲಸ ಮಾಡುವವರ ಪಕ್ಕದಲ್ಲಿ ಯಾರಿದ್ದಾರೆ, ಅವರ ನಡುವೆ ಮಾತುಕತೆ ಇದೆಯೇ, ಫಲ ಬಂದಾಗ ನಿಷ್ಠುರವಾಗಿ ಪರೀಕ್ಷಿಸುವವರು ಇದ್ದಾರೆಯೇ ಎಂಬ ಮೂರು ಪ್ರಶ್ನೆಗಳು ಹೆಚ್ಚು ಪ್ರಯೋಜನಕಾರಿ. ಮಿಶಿಗನ್‌ನಲ್ಲಿ ಮೊದಲೆರಡಕ್ಕೆ ಒಳ್ಳೆಯ ಉತ್ತರವಿತ್ತು. ಮೂರನೆಯದಕ್ಕೆ ಉತ್ತರ ಫ್ರಾನ್ಸಿನಿಂದ ಬರಬೇಕಾಯಿತು. ಒಂದೇ ಆವರಣದಲ್ಲಿ ಮೂರಕ್ಕೂ ಜಾಗ ಮಾಡಿಕೊಡುವ ಸಂಸ್ಥೆಗೆ ಮುಂದಿನ ಉಪಯೋಗ ಯಾವುದೆಂದು ಈಗಲೇ ಹೇಳುವ ಅಗತ್ಯವಿಲ್ಲ.